ಎಡಗಡೆಯ ಸೊನ್ನೆಗಳು

ನಮ್ಮ ಅತ್ತಿಗೆಯಷ್ಟು ಹೆದರುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲ್ಲಿ, ಜಿರಳೆ, ಕತ್ತಲೆ, ಕಳ್ಳರು, ಇಂಥವಕ್ಕೆಲ್ಲ ಅವಳು ಕ್ಯಾರೇ ಅನ್ನುವುದಿಲ್ಲ. ಜಿರಳೆಯನ್ನು ಬರಿಗೈಯಲ್ಲಿ ಹಿಡಿದು ಕಿಟಕಿಯಾಚೆ ಎಸೆಯುವುದನ್ನು ನಾನೇ ನೋಡಿದ್ದೇನೆ. ಅವಳಿಗಿರುವುದು ಒಂದೇ ಹೆದರಿಕೆ, ಬೆಂಕಿಯದು. ಮನೆಯಿಂದ ಹೊರಡುವಾಗ ಗ್ಯಾಸ್ ಒಲೆಯ ತಿರುಪು ನೋಡುತ್ತಾಳೆ. ಚಪ್ಪಲಿ ಮೆಟ್ಟಿದವಳು ಬಿಚ್ಚಿ ಒಳಗೆ ಹೋಗಿ ಮತ್ತೆ ನೋಡುತ್ತಾಳೆ. ಬೀದಿಯ ತಿರುವು ಮುಟ್ಟುವ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು, ಇನ್ನೊಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ ಎಂದು ವಾಪಸು ಓಡುತ್ತಾಳೆ. ಮದುವೆಯಾದ ಹೊಸತರಲ್ಲೇ ನಮ್ಮಣ್ಣ ಅವಳಿಗೆ ‘ಇನ್ನೊಂದ್ಸಲ’ ಎಂದು ಹೆಸರಿಟ್ಟ. ಅವಳಿಂದ ಬಸ್ಸು ತಪ್ಪಿದಾಗಲೆಲ್ಲ ನಾನೂ ಅದೇ ಹೆಸರಿನಲ್ಲಿ ಕೂಗಿ ಹಲ್ಲು ಕಡಿದಿದ್ದೇನೆ. ವಯಸ್ಸಿನಲ್ಲಿ ನನಗಿಂತ ಚೂರೇ ಚೂರು ದೊಡ್ಡವಳು. ಅತ್ತಿಗೆ ಅಂತ ಕರೆದರೂ ಮೊದಲಿನಿಂದ ನಮ್ಮಿಬ್ಬರಲ್ಲಿ ನೀನು ಅನ್ನುವ ಸಲಿಗೆ.

ಸಿನೆಮಾಕ್ಕೆ ಹೋದರೆ ಅವಳಿಗೆ ಬಾಗಿಲ ಪಕ್ಕದ ಸೀಟೇ ಆಗಬೇಕು. ಒಮ್ಮೆ ಸಿಗಲಿಲ್ಲವೆಂದು ಮಧ್ಯಂತರದವರೆಗೆ ಗೋಡೆಗೆ ಒರಗಿ ನಿಂತೇ ನೋಡಿದಳು. ಮುಚ್ಚಿದ ಬಾಗಿಲಿನ ಹಿಂದೆ ಹೊಗೆಯ ಅನುಮಾನ ಬಂದರೆ ಮೊದಲು ಕೈಯ ಹಿಂಭಾಗ ತಗುಲಿಸಿ ನೋಡಬೇಕು, ಬಿಸಿಯಿದ್ದರೆ ತೆಗೆಯಕೂಡದು ಎಂದು ಮನೆಮಂದಿಗೆಲ್ಲ ಪಾಠ ಹೇಳಿಕೊಟ್ಟಿದ್ದಳು. ಅಮ್ಮ, ಅಂದರೆ ನನ್ನ ತಾಯಿ, ಅವಳಿಗೆ ಅತ್ತೆ, ಒಂದು ದಿನ ಫ್ರಿಜ್ಜಿನ ಬಾಗಿಲಿಗೆ ಕೈ ತಗುಲಿಸಿ, ತಣ್ಣಗಿದೆ, ತೆಗೆಯಬಹುದಾ ಎಂದು ಅವಳನ್ನೇ ಕೇಳಿದಳು. ಅತ್ತಿಗೆ ನಗಲಿಲ್ಲ. ಸರಿಯಾಗಿ ಮಾಡಿದ್ರಿ ಅತ್ತೆ ಅಂದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕವರು ನಾವು.

ಇಂಥವಳು ಹುಡುಕಿಕೊಂಡು ಹೋಗಿ ಸೇರಿದ ಕೆಲಸವಾದರೂ ಯಾವುದು? ದೊಡ್ಡ ದೊಡ್ಡ ಕಟ್ಟಡಗಳಿಗೆ ಬೆಂಕಿಯ ಅಲಾರಂ ಕೂರಿಸುವುದು. ಈ ಕೆಲಸವೇ ಯಾಕೆ ಎಂದು ಕಂಪನಿಯ ಮಾಲೀಕರು ಕೇಳಿದಾಗ, ನನಗೆ ಬೆಂಕಿ ಅಂದ್ರೆ ಭಯ ಸಾರ್ ಎಂದಳಂತೆ. ಮಾರನೇ ದಿನದಿಂದಲೇ ಬರಲು ಹೇಳಿದರಂತೆ. ಅವಳು ಚಾವಣಿಗೆ ತಿರುಗಿಸಿ ಕೂರಿಸುವ ಬಿಳಿಯ ಸ್ಮೋಕ್ ಡಿಟೆಕ್ಟರ್‌ಗಳನ್ನು ನೀವೂ ನೋಡಿರುತ್ತೀರಿ. ಅಮ್ಮ ಅದನ್ನು ಬೋರಲು ಬಟ್ಟಲು ಅಂದಳು, ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು. ಅತ್ತಿಗೆಯ ಬಾಯಲ್ಲೂ ಈಗ ಬಟ್ಟಲೇ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಲೆಕ್ಕವೆಂದರೆ ಮೂಗು ಮುರಿಯುವವಳು ನಾನು, ಬಟ್ಟೆ ಹೊಲಿಯುವ ನನಗೆ ಟೇಪಿನ ಅಳತೆಯಾಚೆ ಏನೂ ಬೇಡ. ನನಗೇ ಅರ್ಥವಾದದ್ದು ನಿಮಗೆ ಆಗದೇ ಇರದು.

ಅವಳು ಅಲಾರಂ ಕೂರಿಸಿದ ಒಂದು ಆಸ್ಪತ್ರೆಯಿದೆ. ನೆಲಮಹಡಿ ಸೊನ್ನೆ, ಅದರ ಮೇಲೆ ಏಳು ಮಹಡಿ. ಒಂದೊಂದು ಮಹಡಿಯಲ್ಲಿ ಸೊನ್ನೆಯಿಂದ ಏಳರವರೆಗೆ ಕಾರಿಡಾರು, ಒಂದೊಂದು ಕಾರಿಡಾರಿನಲ್ಲಿ ಸೊನ್ನೆಯಿಂದ ಏಳರವರೆಗೆ ಕೋಣೆ. ಹಾಗಾಗಿ ಕೋಣೆಗೆ ಮೂರೇ ಅಂಕಿ. 235 ಅಂದರೆ ಎರಡನೇ ಮಹಡಿ, ಮೂರನೇ ಕಾರಿಡಾರು, ಐದನೇ ಕೋಣೆ. ಎಂಟು, ಒಂಬತ್ತರ ಸುದ್ದಿಯೇ ಇಲ್ಲ. ಇದಕ್ಕೆ ಆಕ್ಟಲ್ ಅನ್ನುತ್ತಾರೆ. ಪ್ರತಿ ಬಟ್ಟಲಿನ ಬೆನ್ನಿಗೆ ಅಕ್ಕಿಕಾಳಿನಂಥ ಒಂಬತ್ತು ಸ್ವಿಚ್ಚು, ಒಂದೊಂದು ಅಂಕಿಗೆ ಮೂರು ಮೂರು. ಮೂರರಲ್ಲಿ ಮೊದಲನೆಯದು ನಾಲ್ಕರದು, ನಡುವಿನದು ಎರಡರದು, ಕೊನೆಯದು ಒಂದರದು. ಐದು ಬೇಕಾದರೆ ನಾಲ್ಕನ್ನೂ ಒಂದನ್ನೂ ಮೇಲೆತ್ತಿ ನಡುವಿನದನ್ನು ಕೆಳಗೆ ಬಿಡಬೇಕು. ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಬರೀ ಒಂದು-ಸೊನ್ನೆಗಳ ಈ ಬರವಣಿಗೆಗೆ ಬೈನರಿ ಅನ್ನುತ್ತಾರೆ. ಹೊಗೆ ತಗುಲಿದ ಬಟ್ಟಲು ತನ್ನ ಒಂಬತ್ತು ಸ್ವಿಚ್ಚಿನ ಹೆಸರನ್ನು ಕೆಳಗೆ ಗಾರ್ಡುಗಳ ಕೋಣೆಯ ಪೆಟ್ಟಿಗೆಗೆ ಕಳಿಸುತ್ತದೆ, ಪೆಟ್ಟಿಗೆ ಅದನ್ನು ಮೂರಂಕಿಯಾಗಿ ತೋರಿಸುತ್ತದೆ, ಗಾರ್ಡುಗಳು ಆ ಕೋಣೆಗೆ ಓಡುತ್ತಾರೆ. ಹಳೆಯ ಪೆಟ್ಟಿಗೆ. ಬಟ್ಟಲು ಏನು ಹೇಳಿತೋ ಅದನ್ನೇ ನಂಬುತ್ತದೆ.

ಅತ್ತಿಗೆಗೆ ಇದೆಲ್ಲ ಬಾಯಿಪಾಠವಾಗಿತ್ತು. ಆದರೆ ಬೇರೊಂದು ಕಟ್ಟಡದಲ್ಲಿ ಬೇರೊಬ್ಬ ಫಿಟ್ಟರು ಬಾಯಿಲೆಕ್ಕದಲ್ಲಿ ಎಡವಿದ ಮೇಲೆ ಮಾಲೀಕರು ಹೊಸ ಕಟ್ಟಳೆ ತಂದರು. ಇನ್ನು ಮುಂದೆ ತಲೆಯಲ್ಲಿ ಲೆಕ್ಕ ಬೇಡ, ಕಂಪ್ಯೂಟರಿನದೇ ಆಗಬೇಕು. ಸ್ಪ್ರೆಡ್‌ಶೀಟಿನಲ್ಲಿ ಅದಕ್ಕೆ ಸೂತ್ರವೇ ಇದೆ, ‘ಆಕ್ಟ್ ಟು ಬಿನ್’ ಎಂದು. ಆಕ್ಟಲ್ ನಂಬರು ಕೊಟ್ಟರೆ ಬೈನರಿ ಬಂದು ಕೂರುತ್ತದೆ. ಆಸ್ಪತ್ರೆಯ ಎಲ್ಲ ಕೋಣೆಗಳನ್ನೂ ಅವಳು ಹಾಗೆ ಬರೆದು, ಸೂತ್ರ ಎಳೆದು, ಮುದ್ರಿಸಿಕೊಂಡಳು. ಅವಳ ಜಾಯಮಾನ ಗೊತ್ತಲ್ಲ, ಕಂಪ್ಯೂಟರನ್ನೂ ನಂಬದೆ ತಲೆಲೆಕ್ಕದ ಜೊತೆ ತಾಳೆ ನೋಡಿದಳು. ಇವರ ಕಸುಬಿನಲ್ಲಿ ಕೆಲಸ ಯಾವಾಗಲೂ ಮೇಲಿನ ಮಹಡಿಯಿಂದ ಶುರು; ಏಣಿ, ಸಾಮಾನು ಒಂದು ಸಲ ಮೇಲೇರಿಸಿದರೆ ಇಳಿದುಕೊಂಡು ಬರಬಹುದು. ಹಾಗಾಗಿ ತಾಳೆ ನೋಡಿದ್ದೂ ಮೇಲಿನಿಂದಲೇ. ಏಳನೇ ಮಹಡಿ ಸರಿ, ಆರನೆಯದು ಸರಿ. ಅಷ್ಟಾದ ಮೇಲೆ ಕಣ್ಣು ಓದಿತು, ಬೆರಳು ಎತ್ತಿತು, ತಲೆಗೆ ರಜಾ. ಕೊನೆಗೆ ಹೊಗೆ ಊದಿ ಪರೀಕ್ಷಿಸುವಾಗಲೂ ಆಸ್ಪತ್ರೆಯವರು, ಕೆಳಗಿನ ಮಹಡಿಗಳಲ್ಲಿ ರೋಗಿಗಳಿದ್ದಾರೆ, ಖಾಲಿಯಿರುವ ಮೇಲಿನ ಮಹಡಿಗಳಲ್ಲಿ ಮಾತ್ರ ಊದಿ ಅಂದರು. ಅತ್ತಿಗೆ ಗೋಗರೆದಳು, ಮಾಲೀಕರು ಸಾಕು ಬಾ ಎಂದು ಕರೆದುಕೊಂಡು ಹೋದರು.

ಅದಾಗಿ ಕೆಲವು ತಿಂಗಳಿಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅದೇ ಆಸ್ಪತ್ರೆ, ಕೋಣೆ 235. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು; ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು. ಎದ್ದು ನಡೆಯಲಾರದವರೆಲ್ಲ ಕೆಳಗಿನ ಮಹಡಿಗಳಲ್ಲಿ, ಓಡಾಡುವವರು ಮೇಲೆ. ಹೊತ್ತು ಹೊರಗೆ ತರಬೇಕಾಗಿ ಬಂದರೆ ಸುಲಭವಾಗಲಿ ಎಂದು ಹಾಗೆ ಮಾಡಿದ್ದರು.

ಆ ದಿನ ಬೆಳಿಗ್ಗೆ ಅತ್ತಿಗೆ ರಜಾ ಹಾಕಿ ಬಂದಿದ್ದಳು. ನರ್ಸಮ್ಮ ಅಮ್ಮನ ತಲೆ ಬಾಚುತ್ತ ಹಿಂದಿನ ವಾರದ ತಮಾಷೆ ಹೇಳಿದಳು. ಪಕ್ಕದ ಪ್ಯಾಂಟ್ರಿಯಲ್ಲಿ ಯಾರೋ ಹಾಲಿಟ್ಟು ಮರೆತು ಪಾತ್ರೆ ಕರಕಲಾಯಿತಂತೆ. ಅದೇ ಹೊತ್ತಿಗೆ ನಾಲ್ಕನೇ ಮಹಡಿಯ 470ರಲ್ಲಿ ಬೆಂಕಿಯೆಂದು ಅಲಾರಂ. ಗಾರ್ಡುಗಳು ಕೆಂಪು ಸಿಲಿಂಡರು ಹೊತ್ತು ಓಡಿ ಬಾಗಿಲು ತೆಗೆದರೆ ಒಳಗೆ ಡ್ಯೂಟಿ ಡಾಕ್ಟರು ಗೊರಕೆ ಹೊಡೆಯುತ್ತಿದ್ದಾರೆ. ಅವರು ಕಣ್ಣು ಬಿಟ್ಟರೆ ಎದುರಿಗೆ ಹಿರಿಯ ಗಾರ್ಡಿನ ದೊಡ್ಡ ಮೀಸೆ, ಮೀಸೆಯ ಕೆಳಗೆ ಸಿಲಿಂಡರಿನ ಮೂತಿ. ಡಾಕ್ಟರು ನಾನೇನೂ ಮಾಡಿಲ್ಲ ಎಂದು ಎರಡೂ ಕೈ ಎತ್ತಿದರಂತೆ. ಅಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ಪೆಟ್ಟಿಗೆಗೆ ವಯಸ್ಸಾಗಿದೆ, ಅಲಾರಂ ಆದರೆ ಈಗ ಯಾರೂ ಅಂಥ ಅವಸರ ಮಾಡುವುದಿಲ್ಲ ಎಂದು ನರ್ಸಮ್ಮ ಮಾತು ಮುಗಿಸಿದಳು.

ಅತ್ತಿಗೆ ಪ್ಯಾಂಟ್ರಿಯ ನಂಬರು ಕೇಳಿದಳು. 234 ಅಂದಳು ನರ್ಸಮ್ಮ. ಅತ್ತಿಗೆ ಎರಡೂ ಕೈ ಮಡಿಲಲ್ಲಿ ಚಾಚಿ, ಒಂದು ಹೆಬ್ಬೆರಳು ಮಡಚಿ, ಉಳಿದ ಒಂಬತ್ತು ಬೆರಳುಗಳಲ್ಲಿ ಕೆಲವನ್ನು ಎತ್ತಿದಳು, ಕೆಲವನ್ನು ಇಳಿಸಿದಳು. ಮತ್ತೆ ಎತ್ತಿ ಇಳಿಸಿದಳು. ಮುಖದ ಬಣ್ಣ ಇಳಿದುಹೋಯಿತು. ನನ್ನ ರಟ್ಟೆ ಹಿಡಿದು ಕಾರಿಡಾರಿಗೆ ಎಳೆದುಕೊಂಡು ಬಂದಳು.

"ಸೊನ್ನೆ ಬಿಟ್ಟುಹೋಗಿದ್ದು ಎಡಗಡೆ. ನಾನು ತುಂಬಿದ್ದು ಬಲಗಡೆ" ಅಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಗೋಡೆಯ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. 234ಕ್ಕೆ ಒಂಬತ್ತು ಸ್ವಿಚ್ಚು ಇರಬೇಕಾದದ್ದು 010 011 100. ಆದರೆ ನಾವು ಏಳನ್ನು ಬರೆಯುವಾಗ ಅದರ ಎಡಕ್ಕೆ ಸೊನ್ನೆ ಬರೆಯುತ್ತೇವೆಯೇ? ಸೂತ್ರವೂ ಬರೆಯುವುದಿಲ್ಲ. ಮೊದಲ ಸೊನ್ನೆಯನ್ನು ನುಂಗಿ ಎಂಟೇ ಅಂಕಿ ಕೊಟ್ಟಿತ್ತು, 10011100. ಇವಳು ಕಾಗದ ನೋಡಿಕೊಂಡು ಮೊದಲ ಸ್ವಿಚ್ಚಿನಿಂದ ಸಾಲಾಗಿ ಎತ್ತುತ್ತ ಹೋಗಿದ್ದಾಳೆ. ಕೊನೆಗೆ ಒಂದು ಸ್ವಿಚ್ಚು ಉಳಿದಿದೆ, ಅಂಕಿ ಇಲ್ಲ. ಏನೂ ಇಲ್ಲದಿದ್ದರೆ ಸೊನ್ನೆ ತಾನೇ ಎಂದು ಕೆಳಗೇ ಬಿಟ್ಟಿದ್ದಾಳೆ. ಹಾಗೆ ಎಲ್ಲವೂ ಒಂದು ಮನೆ ಎಡಕ್ಕೆ ಸರಿದು 100 111 000 ಆಯಿತು. ಅದು 470. ನಾಲ್ಕನೇ ಮಹಡಿಯಿಂದ ಮೇಲಕ್ಕೆ ಮೊದಲ ಅಂಕಿಯೇ ನಾಲ್ಕೋ ಅದಕ್ಕಿಂತ ದೊಡ್ಡದೋ ಆದ್ದರಿಂದ ಒಂಬತ್ತೂ ಅಂಕಿ ತುಂಬಿ ಬರುತ್ತದೆ, ತಪ್ಪಿಗೆ ಜಾಗವೇ ಇಲ್ಲ. ತಾಳೆ ನೋಡಿದ್ದು ಅಲ್ಲಿ, ಹೊಗೆ ಊದಿದ್ದು ಅಲ್ಲಿ. ಎರಡು, ಮೂರನೇ ಮಹಡಿಯಲ್ಲಿ ಒಂದು ಮನೆ ಸರಿದಿದೆ, ಒಂದನೆಯದರಲ್ಲಿ ಎರಡು, ನೆಲಮಹಡಿಯಲ್ಲಿ ಮೂರೋ ನಾಲ್ಕೋ ಇನ್ನೂ ಹೆಚ್ಚೋ.

"ಕೆಳಗೆ ಎಲ್ಲಿ ಬೆಂಕಿ ಬಿದ್ರೂ ಅದು ಮೇಲಕ್ಕೇ ತೋರಿಸುತ್ತೆ ಕಣೆ. ಎಲ್ಲರೂ ಮೇಲಕ್ಕೆ ಓಡ್ತಾರೆ. ಏಳಲಾಗದೋರೆಲ್ಲ ಇಲ್ಲಿದಾರೆ."

ನಾನು ಸುತ್ತ ನೋಡಿದೆ. ಕಾರಿಡಾರಿನ ಉದ್ದಕ್ಕೂ ಬಾಗಿಲುಗಳು ಅರ್ಧ ತೆರೆದಿದ್ದವು. ಒಳಗೆ ತೂಕ ಕಟ್ಟಿದ ಕಾಲುಗಳು, ಬ್ಯಾಂಡೇಜು ಸುತ್ತಿದ ಕಾಲುಗಳು, ಒಂದರಲ್ಲಿ ಕಾಲೇ ಇಲ್ಲದ ಹಾಸಿಗೆಯ ತಗ್ಗು. ಬೆಳಿಗ್ಗೆ ಅದೇ ದಾರಿಯಲ್ಲಿ ಬಂದಾಗ ಇವು ಯಾವುವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾಲೀಕರಿಗೆ ಫೋನು ಮಾಡಿದಳು. ಅವರು ದನಿ ತಗ್ಗಿಸಿ, ಆಸ್ಪತ್ರೆಯವರಿಗೆ ಈಗಲೇ ಹೇಳಬೇಡ, ನಾಳೆ ಸರ್ವಿಸಿನ ನೆಪದಲ್ಲಿ ಹೋಗಿ ಒಂದೊಂದೇ ಸರಿಮಾಡೋಣ, ಇಷ್ಟು ತಿಂಗಳು ಏನೂ ಆಗಿಲ್ಲವಲ್ಲ ಅಂದರು. ಅತ್ತಿಗೆ ಆಯ್ತು ಸಾರ್ ಎಂದು ಫೋನನ್ನು ಚೀಲದೊಳಗೆ ಹಾಕಿದಳು. ಸುಮ್ಮನಾಗುತ್ತಾಳೆ ಅಂದುಕೊಂಡೆ. ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದುಹೋಗಿ ಆಸ್ಪತ್ರೆಯ ಮೇಲ್ವಿಚಾರಕಿಯ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು. ಆ ತಾಯಿ ಕೂಗಾಡಲಿಲ್ಲ. ಎಲ್ಲ ಕೇಳಿಸಿಕೊಂಡು, ಎಷ್ಟು ಹೊತ್ತು ಬೇಕು ಎಂದಷ್ಟೇ ಕೇಳಿದರು. ಸಂಜೆವರೆಗೆ ಎಂದಳು ಅತ್ತಿಗೆ. ರೋಗಿಗಳ ಕಿವಿಗೆ ಬಿದ್ದರೆ ಗಾಬರಿಯಲ್ಲೇ ಅನಾಹುತವಾಗುತ್ತದೆ, ಯಾರೂ ಬಾಯಿ ಬಿಡಬಾರದು ಎಂದು ತೀರ್ಮಾನವಾಯಿತು. ಅಲಾರಂ ಬಂದರೆ ಗಾರ್ಡು ಮೊದಲು ಅತ್ತಿಗೆಗೆ ನಂಬರು ಹೇಳಬೇಕು, ಅವಳು ಕೋಣೆ ಹೇಳಬೇಕು. ಮೇಲ್ವಿಚಾರಕಿಯೇ ಫೋನಿನಲ್ಲಿ ನೀರಿಳಿಸಿದ ಮೇಲೆ ಮಾಲೀಕರು ಇಬ್ಬರು ಫಿಟ್ಟರುಗಳನ್ನು ಏಣಿ ಸಮೇತ ಅಟ್ಟಿದರು.

ಮೇಲ್ವಿಚಾರಕಿ ಇನ್ನೊಂದು ಉಪಕಾರ ಮಾಡಲು ಬಂದರು. ಐದನೇ ಮಹಡಿಯಲ್ಲಿ ಒಂದು ಹಾಸಿಗೆ ಖಾಲಿಯಿದೆ, ನಿಮ್ಮತ್ತೆಯನ್ನು ಅಲ್ಲಿಗೆ ಸಾಗಿಸುತ್ತೇವೆ ಎಂದರು. ಐದನೇ ಮಹಡಿಯ ಬಟ್ಟಲುಗಳು ಸರಿಯಿದ್ದವು. ನನಗೆ ಹೋದ ಜೀವ ಬಂದಂತಾಯಿತು. ಉಳಿದವರ ಯೋಚನೆ ಆ ಗಳಿಗೆಯಲ್ಲಿ ನನಗೆ ಬರಲೇ ಇಲ್ಲ, ಸುಳ್ಳೇಕೆ ಹೇಳಲಿ. ಇಬ್ಬರೂ ಹೋಗಿ ಅಮ್ಮನಿಗೆ, ಮೇಲೆ ಗಾಳಿ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ ಎಂದು ಹೇಳಿದೆವು. ಅಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದಳು, ನಾನು ಇಲ್ಲೇ ಇರ್ತೀನಿ ಅಂದಳು. ಅತ್ತಿಗೆ ಬೇಡಿಕೊಂಡಳು. ನಾನು ರೇಗಿದೆ, ಎಲ್ಲದಕ್ಕೂ ಹಟ ಮಾಡುತ್ತೀಯ ಎಂದೆ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ನಮ್ಮಮ್ಮ ಹಾಗೆ ತಿರುಗಿಸಿದರೆ ಮುಗಿಯಿತು, ಬ್ರಹ್ಮ ಬಂದರೂ ಒಪ್ಪಿಸಲಾರ.

ಹಾಗಾದರೆ ಮೊದಲು ಅಮ್ಮನ ಕಾರಿಡಾರು ಸರಿಮಾಡು ಎಂದೆ. ಇಲ್ಲ, ನೆಲಮಹಡಿ ಮೊದಲು ಎಂದಳು ಅತ್ತಿಗೆ. ಎರಡನೇ ಮಹಡಿಯದು ಒಂದೇ ಮನೆ ಸರಿದಿದೆ, ಬಂದ ನಂಬರನ್ನು ಒಂದು ಮನೆ ಬಲಕ್ಕೆ ಸರಿಸಿದರೆ ಕೋಣೆ ಸಿಗುತ್ತದೆ. ನೆಲಮಹಡಿಯದು ಒಂದೊಂದು ಕಾರಿಡಾರಿಗೆ ಒಂದೊಂದು ತರ ಕೆಟ್ಟಿದೆ, ಅಲಾರಂ ಆದರೆ ತನಗೂ ಹೊಳೆಯದೆ ಹೋಗಬಹುದು, ಅಲ್ಲಿರುವುದು ಉಸಿರಾಟದ ಮಶೀನಿನವರು. ಅವಳ ಮಾತು ಸರಿಯಿತ್ತು. ಸರಿಯಿತ್ತೆಂದೇ ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಸ್ವಂತ ಅಮ್ಮ ಆಗಿದ್ರೆ ಹೀಗೆ ಮಾಡ್ತಿದ್ಯಾ ಎಂದುಬಿಟ್ಟೆ. ಅವಳು ನೆಲಮಹಡಿಗೆ ಇಳಿದಳು. ಏಣಿ ಹತ್ತಿದಳು.

ಮಧ್ಯಾಹ್ನದವರೆಗೆ ನಾನು ಎರಡನೇ ಮಹಡಿಯ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಿದೆ. ನನಗೆ ಗೊತ್ತಿದ್ದ ಪರೀಕ್ಷೆ ಒಂದೇ, ಮೂಸುವುದು. ಪ್ರತಿ ಬಾಗಿಲ ಮುಂದೆಯೂ ನಿಂತು ಮೂಗೆಳೆದೆ. ಫಿನಾಯಿಲು, ಮುಲಾಮು, ಹಣ್ಣಿನ ಸಿಪ್ಪೆ. ಯಾರೋ ಒಬ್ಬರು, ನೆಗಡಿಯಾಗಿದೆಯೇನಮ್ಮ ಎಂದು ವಿಚಾರಿಸಿದರು. ಎಲ್ಲೋ ಸ್ವಿಚ್ಚು ಚಟಕ್ಕೆಂದರೂ ಎದೆ ಧಸಕ್ಕೆನ್ನುತ್ತಿತ್ತು. ಇಷ್ಟು ವರ್ಷ ಅತ್ತಿಗೆ ಎದೆಯೊಳಗೆ ಹೊತ್ತು ತಿರುಗುತ್ತಿದ್ದದ್ದು ಇದೇ ಏನೋ ಎಂದು ಮೊದಲ ಸಲ ಅನ್ನಿಸಿತು. ನಾವು ನಕ್ಕಿದ್ದು ಇದನ್ನು ನೋಡಿ.

ನೆಲಮಹಡಿಯ ಕೊನೆಯ ಕಾರಿಡಾರು ಬಾಕಿಯಿತ್ತು. ಅವಳಿಗೆ ನೀರು ಕೊಡಲೆಂದು ನಾನು ಕೆಳಗೆ ಹೋಗಿದ್ದೆ. ಆಗ ಇಡೀ ಕಟ್ಟಡದ ಗಂಟೆ ಹೊಡೆದುಕೊಂಡಿತು. ಅತ್ತಿಗೆ ಏಣಿಯ ಮೇಲಿದ್ದಳು. ಫೋನನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದಳು, ನಾಲ್ಕು ಆರು ನಾಲ್ಕು ಎಂದು ಗಾರ್ಡು ಹೇಳಿದ್ದು ನನಗೂ ಕೇಳಿಸಿತು. ಅವಳ ಬೆರಳುಗಳು ಏಣಿಯ ಮೇಲೆ ಎದ್ದು ಬಿದ್ದವು. ಅದು ನಿಜವಾದ 464 ಇರಬಹುದು. ಒಂದು ಮನೆ ಸರಿದಿದ್ದರೆ 232. ಎರಡು ಮನೆ ಸರಿದಿದ್ದರೆ ಒಂದನೇ ಮಹಡಿಯ 115. ಒಂದೇ ನಂಬರಿಗೆ ಮೂರು ಮಹಡಿಯಲ್ಲಿ ಮೂರು ಬಾಗಿಲು. 232 ಅಮ್ಮನ ಕಾರಿಡಾರು.

ಗಾರ್ಡಿಗೆ 464ಕ್ಕೆ ಓಡಲು ಹೇಳಿದಳು. ಏಣಿಯಿಂದ ಧುಮುಕಿದವಳು ನನ್ನ ಕಡೆ ತಿರುಗಿ, ನೀನು 115 ಎಂದಳು. ನಾನು ಅಮ್ಮನ ಹತ್ತಿರ ಹೋಗ್ತೀನಿ ಅಂದೆ.

"ಅಮ್ಮನ ಹತ್ತಿರ ನಾನು ಹೋಗ್ತೀನಿ. ನೀನು ನಾನು ಹೇಳಿದ ಕಡೆ ಹೋಗು" ಎಂದು ಕಿರುಚಿದಳು.

ಅವಳು ನನ್ನ ಮೇಲೆ ಕೂಗಿದ್ದು ಅದೇ ಮೊದಲು. ಇಬ್ಬರೂ ಮೆಟ್ಟಿಲು ಹತ್ತಿದೆವು. ಒಂದನೇ ಮಹಡಿಯಲ್ಲಿ ನಾನು ಪಕ್ಕಕ್ಕೆ ತಿರುಗಬೇಕಿತ್ತು. ಅವಳು ಮೇಲೆ ಹೋಗುತ್ತಿದ್ದಳು, ನನ್ನ ಕಾಲೂ ಮೇಲಕ್ಕೇ ಎಳೆಯುತ್ತಿತ್ತು. ಹೇಗೆ ತಿರುಗಿದೆನೋ ನನಗೆ ನೆನಪಿಲ್ಲ. 115 ಬಟ್ಟೆಬರೆ ಇಡುವ ಉಗ್ರಾಣ. ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರ ಎಂದು ಕೂಗಿದರೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಇಡೀ ಆಸ್ಪತ್ರೆಯ ಹೊದಿಕೆ, ದಿಂಬು, ಹತ್ತಿ. ಕಿಡಿ ಬಿದ್ದಿದ್ದರೆ ಮೇಲಿನ ಮಹಡಿಗೆ ನುಗ್ಗಲು ಎಷ್ಟು ಹೊತ್ತು? ಬಾಗಿಲಿಗೆ ಕೈಯ ಹಿಂಭಾಗ ತಗುಲಿಸಿದೆ. ತಣ್ಣಗಿತ್ತು. ನಂಬಿಕೆ ಬರಲಿಲ್ಲ, ಕೆನ್ನೆಯನ್ನೇ ಒತ್ತಿ ನಿಂತೆ. ತಣ್ಣಗೇ ಇತ್ತು. ಇಲ್ಲಿ ಅಲ್ಲ ಅಂದರೆ ಅಲ್ಲಿ ಎಂದು ಹೊಳೆದದ್ದೇ ಜೀವ ಬಾಯಿಗೆ ಬಂತು. ಮೇಲಕ್ಕೆ ಓಡಿದೆ.

ಎರಡನೇ ಮಹಡಿಯ ಮೆಟ್ಟಿಲಲ್ಲೇ ವಾಸನೆ ಸಿಕ್ಕಿತು. ಬಟ್ಟೆ ಕಮರಿದ ವಾಸನೆ. 232ರ ರೋಗಿಗೆ ಎರಡೂ ಕಾಲಿಗೆ ಪ್ಲಾಸ್ಟರು. ಅವನ ಹೆಂಡತಿ ಒದ್ದೆ ಟವೆಲನ್ನು ಹೀಟರಿನ ಮೇಲೆ ಒಣಗಹಾಕಿ ಔಷಧಿ ತರಲು ಹೋಗಿದ್ದಳು. ಟವೆಲು ಹೊತ್ತಿ, ಅದರಿಂದ ಕಿಟಕಿಯ ಪರದೆಯ ಅಂಚು ಹೊತ್ತಿತ್ತು. ಅವನು ಕೂಗುತ್ತಲೇ ಇದ್ದನಂತೆ. ಗಂಟೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅತ್ತಿಗೆ ಪ್ಲಗ್ಗು ಕಿತ್ತು, ಪರದೆ ಹರಿದು, ಎಲ್ಲವನ್ನೂ ಬೇಸಿನ್ನಿಗೆ ತುರುಕಿ ನಲ್ಲಿ ಬಿಟ್ಟಿದ್ದಳು. ನಾನು ಹೋದಾಗ ಅವಳ ಅಂಗೈ ಬೊಬ್ಬೆ ಎದ್ದಿತ್ತು, ಆ ಗಂಡಸು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಲೇ ಇರಲಿಲ್ಲ. ನಾಲ್ಕನೇ ಮಹಡಿಯಿಂದ ಮೀಸೆಯ ಗಾರ್ಡಿನ ಫೋನು ಬಂತು, ಇಲ್ಲಿ ಏನೂ ಇಲ್ಲ ಎಂದು.

ಎಂದಿನಂತೆ ಆಗಿದ್ದರೆ ಎಲ್ಲರೂ ಇದ್ದಿರುತ್ತಿದ್ದದ್ದು ಅಲ್ಲೇ. ಪೆಟ್ಟಿಗೆಯನ್ನು ಬೈದುಕೊಂಡು ನಿಧಾನ ಇಳಿದು ಬರುತ್ತಿದ್ದರು.

ಅತ್ತಿಗೆಯನ್ನು ಹೊಗಳಲು ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು, ಇದನ್ನು ಕೆಡಿಸಿದವಳೂ ನಾನೇ ಎಂದು. ಅವಳ ಕೆಲಸ ಉಳಿಯಿತೇ ಅಂದರೆ, ಉಳಿಯಿತು. ಮಾಲೀಕರು ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಸೂತ್ರದಲ್ಲಿ ನಂಬರಿನ ಪಕ್ಕ ಒಂದು ಅಲ್ಪವಿರಾಮ ಹಾಕಿ ಒಂಬತ್ತು ಎಂದು ಬರೆದಿದ್ದರೆ ಮುಗಿದಿತ್ತಂತೆ. ಎಡಗಡೆಯ ಸೊನ್ನೆಗಳನ್ನು ಅದೇ ತುಂಬಿ ಒಂಬತ್ತು ಅಂಕಿಯನ್ನೂ ಕೊಡುತ್ತದಂತೆ. ಇಷ್ಟು ಸಣ್ಣ ವಿಷಯವೇ ಎಂದು ನಾನು ಕೇಳಿದ್ದಕ್ಕೆ ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಆದರೆ ಹೇಳಬೇಕಾದದ್ದು ಆ ಸಂಜೆಯದು. ಬೊಬ್ಬೆಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಮತ್ತೆ ಏಣಿ ಹತ್ತಿದ್ದಳು. ನೆಲಮಹಡಿ, ಒಂದನೆಯದು, ಮೂರನೆಯದು ಮುಗಿಸಿ, ಅಮ್ಮನ ಕಾರಿಡಾರಿಗೆ ಬಂದಾಗ ಹೊರಗೆ ದೀಪ ಹಚ್ಚುತ್ತಿದ್ದರು. ‘ಸ್ವಂತ ಅಮ್ಮ’ ಎಂದ ನನ್ನ ಮಾತು ಮನಸ್ಸಿನಲ್ಲಿಟ್ಟುಕೊಂಡೋ ಏನೋ, ತನ್ನವರ ಸರದಿ ಕೊನೆಗೆ ಎಂಬ ಹಾಗೆ 235ನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದಳು. ಅಮ್ಮನ ನೆತ್ತಿಯ ಮೇಲಿನ ಬಟ್ಟಲನ್ನು ತಿರುಗಿಸಿ ಇಳಿಸಿದಳು, ಒಂಬತ್ತು ಸ್ವಿಚ್ಚು ಸರಿಪಡಿಸಿ ಮತ್ತೆ ಕೂರಿಸಿದಳು, ಮೇಲ್ವಿಚಾರಕಿಯ ಒಪ್ಪಿಗೆ ಪಡೆದು ಒಂದೇ ಒಂದು ಚಿಟಿಕೆ ಹೊಗೆ ಊದಿದಳು. ಕೆಳಗಿನಿಂದ ಗಾರ್ಡು ಎರಡು ಮೂರು ಐದು ಅಂದ. ಏಣಿ ಮಡಚಿ ಫಿಟ್ಟರುಗಳು ಹೊರಟರು.

"ಸರಿಯಾಯ್ತಾ?" ಎಂದಳು ಅಮ್ಮ.

ಏನು ಅತ್ತೆ ಎಂದಳು ಅತ್ತಿಗೆ, ಇನ್ನೂ ಮುಚ್ಚಿಡುವ ಆಸೆಯಿಂದ.

"ನನ್ನ ತಲೆ ಮೇಲಿರೋದು. ಬೆಳಿಗ್ಗೆ ಆ ಹಾಲಿನ ಕತೆ ಕೇಳ್ತಾ ನಿನ್ನ ಮುಖ ನೋಡಿದೆ. ಗೊತ್ತಾಯ್ತು."

ಹಾಗಿದ್ದರೆ ಮೇಲೆ ಯಾಕೆ ಹೋಗಲಿಲ್ಲ ಎಂದು ಕೇಳಿದವಳು ನಾನು. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಅಮ್ಮ ನನ್ನನ್ನು ನೋಡಲಿಲ್ಲ, ಸೊಸೆಯನ್ನೇ ನೋಡುತ್ತಿದ್ದಳು.

"ನಾನಿಲ್ಲಿ ಮಲಗಿದ್ರೆ ನೀನು ಮುಗಿಸದೆ ಮನೆಗೆ ಹೋಗಲ್ಲ ಅಂತ ಗೊತ್ತಿತ್ತು. ಇಲ್ದೇ ಇದ್ರೆ ಯಾರಾದ್ರೂ ನಿನ್ನ ನಾಳೆ ಬಾ ಅಂತ ಕಳಿಸಿಬಿಡ್ತಿದ್ರು."

ಅತ್ತಿಗೆ ಹಾಸಿಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಪಟ್ಟಿ ಕಟ್ಟಿದ ಕೈಯನ್ನು ಅಮ್ಮನ ಕೈಮೇಲಿಟ್ಟು, ನಿಮಗೆ ಹೆದರಿಕೆ ಆಗ್ಲಿಲ್ವಾ ಅತ್ತೆ ಎಂದಳು. ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, ಹೊರಗಿನವರಿಗೆ ಕೇಳದ ಹಾಗೆ, ತೀರಾ ಸಣ್ಣ ದನಿಯಲ್ಲಿ ಹೇಳಿದಳು.

"ಗಂಟೆ ಹೊಡೆದಾಗ ಹಾಸಿಗೆಯಲ್ಲೇ ಆಗೋಯ್ತು. ಎಲ್ಲರೂ ಓಡಾಡ್ತಿದ್ರಿ, ಯಾರನ್ನೂ ಕರೀಲಿಲ್ಲ. ಬಾಗಿಲು ಹಾಕಿ ಬಟ್ಟೆ ಬದಲಾಯಿಸ್ತೀರಾ?"

ಮಧ್ಯಾಹ್ನದ ಗಂಟೆ ಅದು. ಆಗಿನಿಂದ ಆ ಒದ್ದೆಯಲ್ಲೇ, ಕಾಲಿಗೆ ತೂಕ ಕಟ್ಟಿಸಿಕೊಂಡು, ಅಲುಗಾಡದೆ, ತಲೆಯ ಮೇಲಿನ ಬಟ್ಟಲನ್ನು ನೋಡುತ್ತ ಮಲಗಿದ್ದಳು ನಮ್ಮಮ್ಮ. ನಾನು ಬಾಗಿಲು ಹಾಕಿದೆ. ಅತ್ತಿಗೆ ಬಿಸಿನೀರು ತರುತ್ತೇನೆಂದು ಎದ್ದಳು, ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದು ನಿಂತುಬಿಟ್ಟಳು. ಬೆಳಗಿನಿಂದ ಸ್ವಿಚ್ಚಿನ ಮೇಲೆ ಒಮ್ಮೆಯೂ ತಪ್ಪದಿದ್ದ ಅವಳ ಬೆರಳುಗಳಿಗೆ ಬಕೆಟ್ಟಿನ ಹಿಡಿ ಸಿಗಲಿಲ್ಲ. ಬಕೆಟ್ಟು ನಾನೇ ತೆಗೆದುಕೊಂಡು ನೀರಿಗೆ ಹೋದೆ.